ನೀರಿಲ್ಲದ ಕೊಳವೆ

ಆ ಕೊಳವೆಯಲ್ಲಿ ಒಂದು ತೊಟ್ಟೂ ನೀರಿರಲಿಲ್ಲ. ಡ್ವೇನ್ ಟಟಲ್ ಅದನ್ನು ಕತ್ತರಿಸಿದ್ದು ಅದಕ್ಕೇ.

ಮಾವ ಆರ್ವೋ ನಿಯೆಮಿಗೆ ಮಂಡಿನೋವು. ಟಬ್ಬಿನ ಅಂಚು ದಾಟಲು ಕಾಲೆತ್ತಲಾಗದು. ಅವರಿಗಾಗಿ ಟಬ್ಬು ಕಿತ್ತು, ಹೊಸ್ತಿಲಿಲ್ಲದ ಶವರ್ ಕಟ್ಟುವಾಗ ಗೋಡೆಯೊಳಗೆ ಈ ಕೊಳವೆ ಅಡ್ಡ ಬಂತು. ಡ್ವೇನ್ ಕತ್ತರಿಸಿ, ಎರಡೂ ತುದಿಗೆ ಮುಚ್ಚಳ ಬಡಿದು, ಮಾವನನ್ನು ಕರೆದು ತೋರಿಸಿದ. ಈ ಚಳಿಯೂರು ಡುಲೂತ್‌ನಲ್ಲೇ ನಲವತ್ತು ವರ್ಷ ಪ್ಲಂಬರ್ ಆಗಿದ್ದ ಆರ್ವೋ ಬಹಳ ಹೊತ್ತು ನೋಡಿ, "ಹೂಂ. ಅದೂ ಒಂದು ಥರ" ಅಂದರು. ಟೆಕ್ಸಾಸಿನಿಂದ ಬಂದ ಅಳಿಯನಿಗೆ ಅದು ಶಹಬ್ಬಾಸ್ ಅಂದ ಹಾಗೇ ಕೇಳಿಸಿತು. ಟೈಲ್ಸ್ ಹಾಕಿ ಮುಗಿಸಿದ.

ಶನಿವಾರ ಬೆಳಿಗ್ಗೆ ಆರ್ವೋ ಅದರಲ್ಲಿ ಮೊದಲ ಸ್ನಾನ ಮಾಡಿದರು. ನೀರು ಇಳಿಯುವಾಗ ಹೊಟ್ಟೆ ತುಂಬ ಹಾಲು ಕುಡಿದ ಕೂಸಿನಂತೆ ಮೋರಿ ಗುಳುಗುಳು ತೇಗಿತು. ಆಮೇಲೆ ಮನೆಯೆಲ್ಲ ನಾತ.

ಅಡುಗೆಮನೆಯಲ್ಲಿ ಮಾವ ವಿನೆಗರಿನಲ್ಲಿ ನೆನೆಸಿದ ಹೆರಿಂಗ್ ಮೀನು ತಿನ್ನುತ್ತಿದ್ದರು.

"ಮಾವ, ಆ ಮೀನು ಇನ್ಮೇಲೆ ಮನೆಯೊಳಗೆ ಬೇಡ" ಅಂದುಬಿಟ್ಟ ಡ್ವೇನ್.

ಅವರು ಜಾಡಿ ಎತ್ತಿಕೊಂಡು ಹೊರಗೆ ಹೋದರು.

ಮಧ್ಯಾಹ್ನ ಹೆಂಡತಿ ಕೈಸಾ ಬಂದಳು. "ಅಪ್ಪ ಗರಾಜಲ್ಲಿ ಕೋಟು ಹಾಕ್ಕೊಂಡು ಕೂತಿದಾರೆ. ಪಕ್ಕದಲ್ಲಿ ಬ್ಯಾಗು. ಸಂಜೆ ಬಸ್ಸಿಗೆ ಫಾರ್ಗೋಗೆ, ನಮ್ಮಕ್ಕನ ಮನೆಗೆ ಹೋಗಿಬಿಡ್ತಾರಂತೆ. ಏನಂದೆ ನೀನು?"

ಅವನು ಬಾಯಿ ಬಿಡುವ ಮೊದಲೇ ಪಕ್ಕದ ಮನೆಯ ವರ್ನಾ ಮೂಗು ಮುಚ್ಚಿಕೊಂಡು ಒಳಗೆ ಬಂದಳು.

"ಇದು ಮೀನಲ್ಲ ಕಣಯ್ಯಾ, ಚರಂಡಿ. ಗೋಡೆಯಲ್ಲಿ ಗಾಳಿ ಕೊಳವೆ ಇತ್ತಲ್ಲ, ಏನು ಮಾಡ್ದೆ?"

"ಖಾಲಿ ಇತ್ತು, ಕತ್ತರಿಸ್ದೆ. ಮಾವನಿಗೂ ತೋರಿಸಿದ್ದೆ. 'ಅದೂ ಒಂದು ಥರ' ಅಂದ್ರು."

ಹೆಂಗಸರಿಬ್ಬರೂ ಮುಖ ಮುಖ ನೋಡಿಕೊಂಡರು.

"ಮೋರಿ ಉಸಿರಾಡೋಕೆ ಇದ್ದ ದಾರಿ ಅದೊಂದೇ. ಅದನ್ನ ಮುಚ್ಚಿದ್ರೆ ಚರಂಡಿ ನಾತ ಮನೆಯೊಳಗೇ ಬರುತ್ತೆ," ಅಂದಳು ವರ್ನಾ. "ಆಮೇಲೆ ಇನ್ನೊಂದು. ನಮ್ಮೂರಲ್ಲಿ 'ಅದೂ ಒಂದು ಥರ'ಕ್ಕಿಂತ ಕೆಟ್ಟ ಬೈಗುಳ ಇಲ್ಲ."

ಡ್ವೇನ್‌ಗೆ ಆಗಲೇ ಗರಾಜಿಗೆ ಓಡಬೇಕೆನ್ನಿಸಿತು. ಆದರೆ ಯಾವ ಮುಖ ಹೊತ್ತು ಹೋಗುವುದು? ಮೊದಲು ಸರಿಮಾಡಿ, ಆಮೇಲೆ ಕ್ಷಮೆ ಕೇಳೋಣವೆಂದುಕೊಂಡ. ಹೊಸ ಟೈಲ್ಸ್ ಒಡೆದ. ಕೊಳವೆ ಜೋಡಿಸಿದ. ಮತ್ತೆ ಟೈಲ್ಸ್ ಅಂಟಿಸಿದ. ಗರಾಜಿಗೆ ಹೋಗುವಷ್ಟರಲ್ಲಿ ಐದು ಗಂಟೆ. ಮಾವನ ಕೈ ಹಿಡಿದರೆ, ಮಂಜುಗಡ್ಡೆಯಂತಿತ್ತು.

"ತಪ್ಪಾಯ್ತು ಮಾವ. ನಾತ ನಿಮ್ಮ ಮೀನಿಂದಲ್ಲ, ನನ್ನಿಂದ. ಸರಿಮಾಡಿದೀನಿ, ಬಂದು ನೋಡಿ."

ಆರ್ವೋ ಬ್ಯಾಗು ಹಿಡಿದುಕೊಂಡೇ ಕುಂಟುತ್ತ ಬಂದರು. ಗೋಡೆಯ ಮೇಲೆ ಕೈಯಾಡಿಸಿದರು. ಅಳಿಯನ ಮುಖ ನೋಡಿದರು. ಮತ್ತೆ ಗೋಡೆ ನೋಡಿದರು.

"ಹೂಂ," ಅಂದರು. "ಅದೂ ಒಂದು ಥರ." ಬಾಗಿಲಲ್ಲಿ ನಿಂತು, "ಬಸ್ಸು ನಾಳೇನೂ ಇದೆ" ಎಂದು ಕೋಣೆಗೆ ಹೋದರು.

ಹೇಳಿದ್ದು ಕೊಳವೆಗೋ, ಕ್ಷಮೆಗೋ? ಗೋಡೆ ಒಡೆಯಬೇಕೋ, ಇನ್ನೊಮ್ಮೆ ತಪ್ಪಾಯ್ತು ಅನ್ನಬೇಕೋ ತಿಳಿಯದೆ ಡ್ವೇನ್ ಸುತ್ತಿಗೆ ಹಿಡಿದು ಅಲ್ಲೇ ನಿಂತ.