ಮೂವತ್ತು ಟ್ರೌಟ್ ಮರಿಗಳಿಗೆ ನಾನು ಕಾವಲು ನಿಂತದ್ದು

ಮೀನು ತಿನ್ನದವರ ಮನೆಯಲ್ಲಿ ಮೀನಿಗೆ ಯಾವ ಭಯವೂ ಇಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಆದ್ದರಿಂದಲೇ ಮಗಳು ಸಿಂಧುವಿನ ಟೀಚರಮ್ಮ ಟ್ರೌಟ್ ಮರಿಗಳನ್ನು ಎರಡು ವಾರ ಯಾರಾದರೂ ನೋಡಿಕೊಳ್ಳುವಿರಾ ಎಂದು ಕೇಳಿದಾಗ, ಉಳಿದ ಅಪ್ಪ ಅಮ್ಮಂದಿರೆಲ್ಲ ನೆಲ ನೋಡುತ್ತಿದ್ದರೆ ನಾನೊಬ್ಬನೇ ಕೈ ಎತ್ತಿದೆ.

ನಾಲ್ಕನೇ ತರಗತಿಯ ಮಕ್ಕಳು ಮೊಟ್ಟೆಯಿಂದ ಟ್ರೌಟ್ ಮರಿ ಬೆಳೆಸಿ ಕೆರೆಗೆ ಬಿಡುವುದು ಆ ಶಾಲೆಯ ಪದ್ಧತಿ. ಟ್ರೌಟ್ ತಣ್ಣೀರಿನ ಮೀನು. ಶಾಲೆಯಲ್ಲಿ ನೀರು ತಣ್ಣಗಿಡುವ ಯಂತ್ರ ಕೆಟ್ಟು ಕೂತಿತ್ತು. ಬೆರ್ರಿಯೆಸಾ ಬಡಾವಣೆಯ ನಮ್ಮ ಮನೆಯ ಹಿತ್ತಲಿನಲ್ಲಿ ಹಿಂದಿನವರು ಕಟ್ಟಿಸಿದ ಸಿಮೆಂಟಿನ ಕೊಳವಿತ್ತು, ಮರದ ನೆರಳಿತ್ತು, ಪಂಪಿತ್ತು. ಗ್ರೋಸರಿಯಲ್ಲಿ ಐಸು ಸಿಗುತ್ತಿತ್ತು. ಇನ್ನೇನು ಬೇಕು! ಸಿಂಧು ಮೂವತ್ತು ಮರಿಗಳಿಗೂ ಹೆಸರಿಟ್ಟಿದ್ದಳು.

"ಪ್ರಾಮಿಸ್, ಅಪ್ಪಾ?"

"ಒಂದೂ ಕಮ್ಮಿ ಆಗಲ್ಲ ಪುಟ್ಟಿ. ಪ್ರಾಮಿಸ್!"

ಹೆಂಡತಿ ಸುಧಾ ಕೊಳ ನೋಡಿದವಳೇ, "ರೀ, ಮೇಲೊಂದು ಬಲೆ ಹಾಸಿಬಿಡಿ. ಹಕ್ಕಿ ಬರತ್ತೆ," ಎಂದಳು.

"ಈ ಕಾಲದಲ್ಲಿ ಬಲೆ ಹಾಸೋರು ಯಾರೇ? ಇದಕ್ಕೊಂದು ಸಿಸ್ಟಮ್ಮು ಮಾಡೋಣ."

ಆಗ ಡಾಟ್‌ಕಾಂ ಜ್ವರ ನೆತ್ತಿಗೇರಿತ್ತು. ನಾಯಿಗೆ ಊಟ ತಲುಪಿಸುವುದಕ್ಕೂ ಒಂದು ಕಂಪನಿ ಹುಟ್ಟುತ್ತಿತ್ತು. ಅಂಥದ್ದೇ ಒಂದು ಕಂಪನಿಯ ಇಂಜಿನಿಯರಾದ ನಾನು ಬಲೆ ಹಾಸುವುದೆಂದರೇನು!

ಪ್ರಥಮ ಕ್ರಮವಾಗಿ, ಹಿತ್ತಲಿಗೆ ಹಕ್ಕಿಗಳು ಬರುವ ಕಾರಣವನ್ನೇ ನಿವಾರಿಸಲು ತೀರ್ಮಾನಿಸಲಾಯಿತು. ಆ ಕಾರಣ ನನ್ನ ಅತ್ತೆ! ಮಂಡ್ಯದಿಂದ ಆರು ತಿಂಗಳ ವೀಸಾದಲ್ಲಿ ಬಂದಿದ್ದ ಅವರು, ಮಾವ ತೀರಿಕೊಂಡಂದಿನಿಂದ ದಿನಾ ತಾವು ಉಣ್ಣುವ ಮೊದಲು ಕಾಗೆಗೆ ಒಂದು ಹಿಡಿ ಅನ್ನ ಇಡುತ್ತಿದ್ದರು. ಹನ್ನೊಂದು ಗಂಟೆಗೆಲ್ಲ ನಮ್ಮ ಬೇಲಿಯ ಮೇಲೆ ಕಾಗೆಗಳ ಪಂಕ್ತಿ ಸಿದ್ಧವಾಗಿರುತ್ತಿತ್ತು.

"ಅತ್ತೆ, ಎರಡು ವಾರ ಕಾಗೆಗೆ ಅನ್ನ ಇಡಬೇಡಿ. ಮೀನು ತಿಂದುಬಿಡ್ತವೆ."

"ಕಾಗೆ ಇದ್ರೇ ವಾಸಿ ಅಳಿಯಂದ್ರೇ..." ಎಂದು ಶುರುಮಾಡಿದವರು ನನ್ನ ಮುಖ ನೋಡಿ, "ಆಯ್ತು ಬುಡಿ," ಎಂದು ನಿಲ್ಲಿಸಿದರು. ಅಂದಿನಿಂದ ಆ ಒಂದು ಹಿಡಿ ಅನ್ನ ಅವರ ತಟ್ಟೆಯ ಅಂಚಿನಲ್ಲೇ ಉಳಿಯತೊಡಗಿತು. ನಾನು ಕಂಡೂ ಕಾಣದವನಂತೆ ಉಂಡು ಎದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೂರನೇ ದಿನಕ್ಕೆ ಕಾಗೆಗಳು ಬೇರೆ ಮನೆ ನೋಡಿಕೊಂಡವು. ನಾಲ್ಕನೇ ದಿನ ಕೊಕ್ಕರೆ ಬಂತು! ಬೂದು ಬಣ್ಣ, ಹೆಚ್ಚುಕಡಿಮೆ ಸಿಂಧುವಿನಷ್ಟೇ ಎತ್ತರ. ಕೊಳದ ಅಂಚಿನಲ್ಲಿ ಧ್ಯಾನಕ್ಕೆ ನಿಂತು, ಒಂದು ಮರಿಯನ್ನು ನುಂಗಿ, ಸಾವಕಾಶವಾಗಿ ಹಾರಿಹೋಯಿತು.

ತೋಟದ ಸಾಮಾನಿನ ಅಂಗಡಿಯವನು ಒಂದು ಪ್ಲಾಸ್ಟಿಕ್ ಕೊಕ್ಕರೆ ಕೊಟ್ಟ. ಕೊಕ್ಕರೆ ಒಂಟಿಯಾಗಿ ಬೇಟೆಯಾಡುವ ಹಕ್ಕಿ, ಒಂದು ನಿಂತ ಕಡೆ ಇನ್ನೊಂದು ಇಳಿಯುವುದಿಲ್ಲ ಎಂದು ಭರವಸೆ ಕೊಟ್ಟ. ತಂದು ನಿಲ್ಲಿಸಿದೆ. ಮರುದಿನ ಬೆಳಗ್ಗೆ ನೋಡಿದರೆ ಎರಡು ಕೊಕ್ಕರೆಗಳು ಪಕ್ಕಪಕ್ಕದಲ್ಲಿ ನಿಂತಿದ್ದವು. ಅದು ಅವುಗಳಿಗೆ ಜೋಡಿ ಹುಡುಕುವ ಕಾಲವಂತೆ! ಅಂದು ಮೂರು ಮರಿಗಳು ಹೋದವು.

"ಹೆಣ್ಣು ತೋರಿಸಿದ್ದಲ್ಲದೆ ಊಟಾನೂ ಹಾಕಿ ಕಳಿಸಿದ್ರಲ್ರೀ," ಎಂದಳು ಸುಧಾ.

ನಾನು ಸೋಲುವವನೇ? ಅಡುಗೆಮನೆಯ ಕಿಟಕಿಗೆ ವೆಬ್‌ಕ್ಯಾಮೆರಾ ಕಟ್ಟಿದೆ. ಕೊಳದ ಬಳಿ ಏನೇ ಅಲುಗಿದರೂ ಸ್ಪೀಕರಿನಿಂದ ಸುಧಾಳ ದನಿ "ಏಯ್, ನಡಿಯಾಚೆ!" ಎಂದು ಗದರುವಂತೆ ಪ್ರೋಗ್ರಾಂ ಬರೆದೆ. ಆ ಮಾತನ್ನು ರೆಕಾರ್ಡು ಮಾಡುವಾಗ ಅವಳಿಗೆ ಅಭ್ಯಾಸವೇನೂ ಬೇಕಾಗಲಿಲ್ಲ. ಕೊಳದ ಚಿತ್ರ ಒಂದು ವೆಬ್‌ಪೇಜಿನಲ್ಲೂ ಕಾಣುವಂತೆ ಮಾಡಿ, ಅದರ ವಿಳಾಸವನ್ನು ಹೆಮ್ಮೆಯಿಂದ ಟೀಚರಮ್ಮನಿಗೂ ಕಳಿಸಿದೆ.

ಮರುದಿನ ಆಫೀಸಿನ ಮೀಟಿಂಗಿನಲ್ಲಿ ಆ ಪೇಜನ್ನು ಪರದೆಯ ಮೇಲೆ ತೆರೆದು, ಇದೇ ನಮ್ಮ ಮುಂದಿನ ಪ್ರಾಡಕ್ಟು ಎಂದು ಘೋಷಿಸಿದೆ. ಸರಿಯಾಗಿ ಆಗಲೇ ಕೊಕ್ಕರೆ ಇಳಿಯಿತು! ಸ್ಪೀಕರು ಗದರಿರಬೇಕು, ಅದು ಒಮ್ಮೆ ತಲೆಯೆತ್ತಿ ಕ್ಯಾಮೆರಾದ ಕಡೆ ನೋಡಿತು. ಅಷ್ಟೇ. ಆಮೇಲೆ ಊಟ ಶುರುಮಾಡಿತು. ಒಂದು, ಎರಡು, ಮೂರು... ಏಳಕ್ಕೆ ಕೈ ತೊಳೆಯಿತು.

"ಪಿಕ್ಚರ್ ವೆರಿ ಕ್ಲಿಯರ್," ಎಂದರು ಬಾಸು.

ಅದೇ ಹೊತ್ತಿನಲ್ಲಿ ಶಾಲೆಯಲ್ಲಿ ಟೀಚರಮ್ಮ, ನಮ್ಮ ಮೀನುಗಳು ಹೇಗಿವೆ ನೋಡೋಣ ಬನ್ನಿ ಎಂದು ಮಕ್ಕಳನ್ನೆಲ್ಲ ಕಂಪ್ಯೂಟರಿನ ಮುಂದೆ ಕೂರಿಸಿದ್ದರಂತೆ. ಇಡೀ ನಾಲ್ಕನೇ ತರಗತಿ ಆ ಭೋಜನವನ್ನು ಕಣ್ಣಾರೆ ಕಂಡಿತು.

ಸಂಜೆ ನಾನು ಮನೆಗೆ ಬಂದಾಗ ಸಿಂಧುವಿನ ಕಣ್ಣು ಕೆಂಪಾಗಿತ್ತು. "ಯೂ ಪ್ರಾಮಿಸ್ಡ್," ಎಂದಷ್ಟೇ ಹೇಳಿ ಅಜ್ಜಿಯ ಮಡಿಲಲ್ಲಿ ಮುಖ ಮುಚ್ಚಿಕೊಂಡಳು. ಬೈದಿದ್ದರೂ ತಡೆದುಕೊಳ್ಳಬಹುದಿತ್ತು.

ಅತ್ತೆ ಅವಳ ತಲೆ ಸವರುತ್ತಾ ಮೆಲ್ಲಗೆ, "ಕಾಗೆ ಇದ್ದಿದ್ರೆ ಕೊಕ್ರೆ ಇಳೀತಿತ್ತಾ? ಕಾಗೆ ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ಬರಾಕೇ ಬುಡಲ್ಲ," ಎಂದರು.

"ಮೊದಲೇ ಹೇಳಬಾರದಿತ್ತಾ ಅತ್ತೆ?"

"ಹೇಳಕ್ಕೆ ಬಂದೆ. ನೀವು ಮುಖ ಹಂಗ್ ಮಾಡುದ್ರಲ್ಲಾ."

ಕೊಕ್ಕರೆಯಿಂದ ಕಾಯುತ್ತಿದ್ದವರನ್ನೇ ನಾನು ಉಪವಾಸ ಕೆಡವಿ ಓಡಿಸಿದ್ದೆ! "ತಪ್ಪಾಯ್ತು ಅತ್ತೆ," ಎಂದೆ. ಬಾಯಿಮಾತಿಗಲ್ಲ, ಮನಸಾರೆ.

ಮರುದಿನ ಆಫೀಸಿಗೆ ರಜೆ ಹಾಕಿ, ಬೇಲಿಯ ಬಳಿ ಅನ್ನ ಹಿಡಿದು ನಿಂತು ನಾನೇ "ಕಾ ಕಾ" ಎಂದು ಕೂಗಿದೆ. ಪಕ್ಕದ ಮನೆಯ ಮುದುಕ ಇಣುಕಿದ. ಕಾಗೆ ಬರಲಿಲ್ಲ. ಕೊನೆಗೆ ಅತ್ತೆ ಬಂದು, ನನ್ನ ಕೈಯಿಂದ ಅನ್ನ ಇಸಿದುಕೊಂಡು, ಒಮ್ಮೆ ಕೂಗಿದರು. ಮೊದಲು ಒಂದು ಬಂತು, ಆಮೇಲೆ ಬಳಗವೇ ಬಂತು. ಅತ್ತೆಯ ಕಣ್ಣು ತುಂಬಿತು. ಅಂದು ಅವರು ಎರಡು ಸಲ ಸಾರು ಬಡಿಸಿಕೊಂಡು ಉಂಡರು. ಮಧ್ಯಾಹ್ನ ಕೊಕ್ಕರೆ ಎಂದಿನ ಧೈರ್ಯದಲ್ಲಿ ಇಳಿಯಲು ಬಂದಾಗ ಕಾಗೆಗಳೆಲ್ಲ ಒಟ್ಟಿಗೆ ಎದ್ದು, ಫ್ರೀವೇ ದಾಟುವವರೆಗೂ ಅಟ್ಟಿಸಿಕೊಂಡು ಹೋದವು. ಅದೇ ದಿನ ಸುಧಾ ಬಲೆಯನ್ನೂ ತಂದು ಹಾಸಿದಳು. ಹದಿನೈದು ನಿಮಿಷದ ಕೆಲಸ!

ಉಳಿದ ಹತ್ತೊಂಬತ್ತು ಮರಿಗಳು ಕೆರೆ ಸೇರಿದವು. ಮಕ್ಕಳು ಒಂದೊಂದನ್ನೇ ಲೋಟದಲ್ಲಿ ಹಿಡಿದು, ಹೆಸರು ಕರೆದು ನೀರಿಗೆ ಬಿಟ್ಟರು. ಆ ಬಳಿಕ ಸಿಂಧು ತಾನು ಬರೆದ ಚಾರ್ಟನ್ನು ಎಲ್ಲರೆದುರು ಬಿಡಿಸಿದಳು. ವಿಷಯ: ಟ್ರೌಟ್ ಮರಿಗಳಿಗಿರುವ ಅಪಾಯಗಳು. ಮೂರನೇ ಸ್ಥಾನದಲ್ಲಿ ಬಿಸಿ ನೀರು. ಎರಡನೇ ಸ್ಥಾನದಲ್ಲಿ ಕೊಕ್ಕರೆ. ಎಲ್ಲಕ್ಕಿಂತ ಮೇಲೆ, ಕನ್ನಡಕ ಹಾಕಿಕೊಂಡು ಕಂಪ್ಯೂಟರ್ ಹಿಡಿದ ನಾನು!

"ಪುಟ್ಟೀ, ಕೊಕ್ಕರೆಗಿಂತ ನಾನು ಕೆಟ್ಟೋನಾ?" ಎಂದು ಕಿವಿಯಲ್ಲಿ ಕೇಳಿದೆ.

ಅವಳು ನನ್ನ ಕೈ ಹಿಡಿದುಕೊಂಡು, ಬಹಳ ಮರುಕದಿಂದ, "ದ ಹೆರಾನ್ ವಾಸ್ ಹಂಗ್ರಿ, ಅಪ್ಪಾ," ಎಂದಳು.

ನನಗೆ ಆ ಸಬೂಬೂ ಇರಲಿಲ್ಲ.