ಅಂಬರೀಶನ ಮೈಮೇಲೆ ಬಂದದ್ದು

ಜ್ಯೇಷ್ಠ ಮಾಸ ಮುಗಿಯುತ್ತಾ ಬಂದಿತ್ತು, ಆಷಾಢಕ್ಕೆ ಇನ್ನೊಂದು ವಾರ. ಗುರುವಾರ, ಬೆಳಗಿನ ಹತ್ತು ಗಂಟೆಯ ಹೊತ್ತು. ಮೋಡ ಕವಿದಿತ್ತು, ಹನಿ ಬಿದ್ದಿರಲಿಲ್ಲ. ಪೀಣ್ಯದಲ್ಲಿ ಅವತ್ತು ಒಂದು ಲೇತ್ ಕೂಡ ತಿರುಗುತ್ತಿರಲಿಲ್ಲ. ಆಗೆಲ್ಲ ಕಾರ್ಖಾನೆಗಳಿಗೆ ಸಾಕಾಗುವಷ್ಟು ಕರೆಂಟ್ ಇರಲಿಲ್ಲ. ಅದಕ್ಕೆ ವಾರದಲ್ಲಿ ಒಂದೊಂದು ದಿನ ಒಂದೊಂದು ಕಡೆ ಮುಚ್ಚಿಸುತ್ತಿದ್ದರು. ಪೀಣ್ಯದ ಈ ಭಾಗಕ್ಕೆ ಗುರುವಾರ. ಕಾರ್ಖಾನೆಗೆ ಕರೆಂಟಿಲ್ಲ, ಮನೆಗಳಿಗೆ ಮಾತ್ರ ಇತ್ತು. ಅಂಬರೀಶನ ತೊಂದರೆಯೆಲ್ಲ ಶುರುವಾದದ್ದು ಅಲ್ಲಿಂದ.

ಅಂಬರೀಶ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಆಪರೇಟರ್. ನಲ್ಲಪ್ಪನವರ ವಠಾರದಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ. ಅದರಲ್ಲಿ ಅವನು, ತಾಯಿ ಈಶ್ವರಮ್ಮ, ವೈಶಾಖದಲ್ಲಿ ಕೈಹಿಡಿದು ಬಂದ ಹೆಂಡತಿ ವೇಣಿ. ವೇಣಿಯ ತವರು ಊರಿನ ಇನ್ನೊಂದು ತುದಿ, ಹೂಡಿ. ಹೊಸ ಹುಡುಗಿ ಒಬ್ಬಳೇ ಮಲಗಿದರೆ ಹೆದರಿಯಾಳು ಅಂತ ಈಶ್ವರಮ್ಮ ಸೊಸೆಯ ಪಕ್ಕದಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದಳು. ಗಂಡನಾದವನು ಬಾಗಿಲ ಹತ್ತಿರ, ಚಪ್ಪಲಿಗಳ ಜೊತೆ.

ಇಷ್ಟರಲ್ಲೇ ಆಷಾಢ ಬರುತ್ತಿತ್ತು. ಅತ್ತೆ ಸೊಸೆ ಆ ತಿಂಗಳು ಒಂದೇ ಹೊಸಿಲು ತುಳಿಯಬಾರದು. ಸೊಸೆ ತವರಿಗೆ ಹೋಗಬೇಕು. ಅಂಬರೀಶ ಒಂದು ಸಲ ಧೈರ್ಯ ಮಾಡಿ ಕೇಳಿದ್ದ.

"ಅವ್ವಾ, ಇಬ್ರಲ್ಲಿ ಒಬ್ರು ಇಲ್ದಿದ್ರೆ ಆಯ್ತಲ್ಲ? ನೀನೇ ನೆಲಮಂಗಲಕ್ಕೆ, ಅಕ್ಕನ ಮನೇಗೆ ಹೋಗಿ ಬಾ."

"ನಾನ್ಯಾಕ್ಲಾ ಓಗ್ಲಿ? ಒಸಬಳು ಅವಳಾ, ನಾನಾ?" ಅಂದಿದ್ದಳು ಈಶ್ವರಮ್ಮ. ಮಾತು ಅಲ್ಲಿಗೆ ಮುಗಿಯಿತು ಅಂತ ಅವನು ತಿಳಿದುಕೊಂಡ.

ಕಾರ್ಖಾನೆಯಲ್ಲಿ ಪಕ್ಕದ ಮಿಷನ್ನಿನ ಚಿನ್ನಪ್ಪ ಎಲ್ಲರ ಸಂಸಾರಕ್ಕೂ ಸಲಹೆ ಕೊಡುವವನು. ಅವನಿಗೆ ಮಾತ್ರ ಮದುವೆಯಾಗಿರಲಿಲ್ಲ.

"ನಿನ್ನ ಹೆಂಡ್ತಿ ಮಾತಾಡ್ತಾಳೇನೋ ಗುರು?"

"ಮಾತಾಡ್ತಾಳೆ. ಹ್ಞೂಂ ಅಂತಾಳೆ. ಒಂದೊಂದ್ಸಲ ಊಹೂಂ ಅಂತಾಳೆ."

"ಹೀಗಿರುವಾಗ್ಲೇ ಆಷಾಢಕ್ಕೆ ಕಳಿಸಿದ್ರೆ, ಶ್ರಾವಣದಲ್ಲಿ ಬಂದು 'ನೀವು ಯಾರು' ಅಂತ ಕೇಳ್ತಾಳೆ ಮಗಾ. ನಾನು ಹೇಳಿದ್ದು ಕೇಳು. ಒಂದು ದೆವ್ವದ ಸಿನಿಮಾ ತೋರ್ಸು. ಅಯ್ಯೋ ಅಂತ ಬಂದು ನಿನ್ನ ತೋಳು ಹಿಡ್ಕೊಂಡ್ಲು ಅಂದ್ರೆ ಮುಗೀತು, ತವರೂ ಬೇಡ ಏನೂ ಬೇಡ ಅಂತಾಳೆ. ನೀನು ನೋಡಿದ್ದೀಯ ತಾನೇ ದೆವ್ವದ ಸಿನಿಮಾ?"

"ಬೇಕಾದಷ್ಟು," ಅಂದ ಅಂಬರೀಶ. ಒಂದೂ ನೋಡಿರಲಿಲ್ಲ.

ಅವತ್ತು ಗುರುವಾರ ಎಲ್ಲ ಕೂಡಿಬಂದಿತ್ತು. ಈಶ್ವರಮ್ಮ ಮಗಳ ಹತ್ತಿರ ಏನೋ ಮಾತಾಡೋದಿದೆ ಅಂತ ಬೆಳಿಗ್ಗೆಯೇ ನೆಲಮಂಗಲದ ಬಸ್ಸು ಹತ್ತಿದ್ದಳು. ಮದುವೆಗೆ ಮುಯ್ಯಿ ಬಂದ ಸಣ್ಣ ಟಿ.ವಿ. ಮನೆಯಲ್ಲಿತ್ತು. ಕ್ಯಾಸೆಟ್ ಹಾಕುವ ವಿಸಿಪಿಯೊಂದನ್ನು ಬಾಡಿಗೆಗೆ ತರುವುದಷ್ಟೇ ಬಾಕಿ.

ಆದರೆ ವಠಾರದಲ್ಲಿ ಯಾರ ಮನೆಗೆ ವಿಸಿಪಿ ಬಂದರೂ ಅದು ವಠಾರಕ್ಕೆಲ್ಲ ಬಂದ ಹಾಗೆ. ಚಾಪೆ ಸಮೇತ ಎಲ್ಲರೂ ಬಂದು ಕೂರುತ್ತಾರೆ, ಮೊದಲು ಒಂದು ದೇವರ ಸಿನಿಮಾ ಹಾಕು ಅನ್ನುತ್ತಾರೆ, ನಡುವೆ ಕಾಫಿ ಕೇಳುತ್ತಾರೆ. ಅದಕ್ಕೆ ಅಂಬರೀಶ ವಿಸಿಪಿಯನ್ನು ದುಪ್ಪಟಿಯಲ್ಲಿ ಸುತ್ತಿ, ಹೆಗಲಿಗೆ ಒರಗಿಸಿಕೊಂಡು ಗೋಡೆ ಪಕ್ಕದಲ್ಲೇ ಬಂದ.

ಕೊಳಾಯಿ ಹತ್ತಿರ ಹಾವೇರಿ ಕಡೆಯ ಚನ್ನಬಸಮ್ಮ ಕೊಡ ಹಿಡಿದು ನಿಂತಿದ್ದಳು. ಅವಳ ಕಣ್ಣು ತಪ್ಪಿಸಿ ಆ ವಠಾರದೊಳಗೆ ಬೆಕ್ಕೂ ಬಂದದ್ದಿಲ್ಲ.

"ಏನಪಾ ಅಂಬರೀಶಾ, ಹೆಗಲ ಮ್ಯಾಲೆ ಏನದು? ಕೂಸಿನಂಗ ತಟ್ಕೋತ ಹೊಂಟೀಯಲ್ಲ?"

"ಹಾಸಿಗೆ ಬಟ್ಟೆ ಅಕ್ಕಾ. ವೇಣಿಗೆ ತಲೆನೋವು. ಬೆಳಕು ಕಂಡ್ರೆ ಆಗ್ತಿಲ್ಲ. ಯಾರೂ ಬಾಗಿಲು ಬಡೀಬೇಡಿ."

"ಅಯ್ಯ ಶಿವನ! ಹೊಸಾ ಮದುಮಗಳಿಗೆ ಬೆಳಕು ಆಗಂಗಿಲ್ಲಂದ್ರ ಅದು ಬರೇ ತಲಿನೋವಲ್ಲೋ ತಮ್ಮಾ."

ಅವನು ಮನೆಯೊಳಗೆ ಹೋಗಿ ಚಿಲಕ ಹಾಕಿಕೊಳ್ಳುವಷ್ಟರಲ್ಲಿ ಚನ್ನಬಸಮ್ಮ ಮೂರು ಬಾಗಿಲಿಗೆ ಸುದ್ದಿ ಮುಟ್ಟಿಸಿದ್ದಳು. ಕಿಟಕಿಗೆ ಕರಿಕಂಬಳಿ ಬಿದ್ದದ್ದನ್ನು ಉಳಿದವರು ತಾವಾಗಿಯೇ ನೋಡಿದರು.

ಒಳಗೆ ವೇಣಿ ಮೊರದಲ್ಲಿ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಗಂಡ ಕಂಬಳಿ ಕಟ್ಟುವುದನ್ನೂ ವೈರು ಸಿಕ್ಕಿಸುವುದನ್ನೂ ಸುಮ್ಮನೆ ನೋಡಿದಳು.

"ಏನ್ ಸಿನಿಮಾ ರೀ?"

"ದೆವ್ವದ್ದು. ಭಯಂಕರವಾಗಿದೆಯಂತೆ."

"ಬೇಡ ರೀ, ದೆವ್ವದ್ದು ಬೇಡ. ಬೇರೆ ಯಾವುದಾದ್ರೂ ಹಾಕಿ."

ಅಂಬರೀಶನ ಎದೆ ಹಿಗ್ಗಿತು. ಚಿನ್ನಪ್ಪ ಎಂಥಾ ಬುದ್ಧಿವಂತ! "ಹೆದರ್ಬೇಡ ವೇಣಿ. ನಾನು ಪಕ್ಕದಲ್ಲೇ ಇರ್ತೀನಲ್ಲ," ಅಂತ ಹೇಳಿ ಚಾಪೆಯ ಮೇಲೆ ಒಂದು ಗೇಣು ಹತ್ತಿರ ಸರಿದ. ವಠಾರಕ್ಕೆ ಕೇಳಿಸಬಾರದು ಅಂತ ಸದ್ದು ಪೂರ್ತಿ ಕಡಿಮೆ ಮಾಡಿದ.

ಸಿನಿಮಾ ಶುರುವಾಯಿತು. ಹಾಳು ಬಂಗಲೆ, ಅದರ ಹಿಂದೆ ಒಂದು ಬಾವಿ. ಬಾವಿಕಟ್ಟೆಯ ಮೇಲೆ ಒಬ್ಬಳು ಬೆನ್ನು ಹಾಕಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಅವಳ ಕೂದಲು ಬಾವಿಯೊಳಕ್ಕೆ ಇಳಿದಿತ್ತು. ಅಂಬರೀಶ ಚಾಪೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ವೇಣಿಯ ಜರಡಿ ಒಂದೇ ಸಮನೆ ಆಡುತ್ತಿತ್ತು.

"ರೀ, ನಿಮ್ಗೆ ಒಂದು ಮಾತು ಹೇಳ್ಬೇಕಿತ್ತು. ಅತ್ತೆ ನೆಲಮಂಗಲದಿಂದ ಬಂದ್ಮೇಲೆ ಹೇಳೋಣ ಅಂದ್ರು, ಆದ್ರೂ…"

"ಆಮೇಲೆ ಹೇಳು," ಅಂದ ಅಂಬರೀಶ. ದನಿ ಅವನದೇ ಅಂತ ಅವನಿಗೇ ನಂಬಿಕೆಯಾಗಲಿಲ್ಲ.

ವೇಣಿ ಇನ್ನೊಂದು ಹಿಡಿ ಹಿಟ್ಟು ಜರಡಿಗೆ ಸುರಿದಳು. ಸ್ವಲ್ಪ ಹೊತ್ತು ಬಿಟ್ಟು, ಟಿ.ವಿ. ಕಡೆ ತಲೆಯೆತ್ತದೆ, "ಈಗ ಕಣ್ಣು ಮುಚ್ಕೊಳ್ಳಿ," ಅಂದಳು.

"ಯಾಕೆ?"

ಬಾವಿಕಟ್ಟೆಯವಳು ತಿರುಗಿದಳು. ಅವಳಿಗೆ ಆ ಕಡೆಯೂ ಮುಖವಿರಲಿಲ್ಲ, ಕೂದಲೇ ಇತ್ತು.

ಅಂಬರೀಶ ಕಿರುಚಿದ. ಕಾರ್ಖಾನೆಯ ಸೈರನ್ನು ಕೇಳಿ ಅಭ್ಯಾಸವಿದ್ದ ಜನ, ರಜೆಯ ದಿನ ಇದ್ಯಾಕೆ ಕೂಗಿತು ಅಂತ ತಲೆಯೆತ್ತುವ ಹಾಗೆ ಕಿರುಚಿದ. ಎದ್ದವನ ಕಾಲಿಗೆ ವೈರು ಸಿಕ್ಕಿತು, ಕೈ ಕಂಬಳಿ ಹಿಡಿಯಿತು, ಮುಖ ಹೋಗಿ ರಾಗಿಹಿಟ್ಟಿನ ಮೊರಕ್ಕೆ ಬಿತ್ತು. ಹೇಗೋ ಚಿಲಕ ತೆಗೆದು ಅಂಗಳಕ್ಕೆ ಬಂದಾಗ ತಲೆಯ ಮೇಲೆ ಕರಿಕಂಬಳಿ, ಮುಖಕ್ಕೆ ಮಣ್ಣಿನ ಬಣ್ಣ, ನಡುವೆ ಎರಡು ಕಣ್ಣು.

ಚನ್ನಬಸಮ್ಮನ ಕೈಯಿಂದ ಕೊಡ ಜಾರಿತು. "ಮೈಮ್ಯಾಲೆ ಬಂದೈತಿ! ಹೆಂಡ್ತಿ ಮೈಯಾಗ ಇದ್ದದ್ದು ಗಂಡನ ಮೈಗೆ ಬಂದೈತ್ರೋ!"

ವಠಾರದ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದವು. ನಲ್ಲಪ್ಪನವರು ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ಬಂದು, ಮುನೇಶ್ವರನ ಗುಡಿಯ ಪೂಜಾರಿ ಪಾಪಯ್ಯನಿಗೆ ಹೇಳಿಕಳಿಸಿದರು. ಗುಡಿ ಎರಡು ಹೆಜ್ಜೆ. ಪಾಪಯ್ಯ ಬೇವಿನ ಸೊಪ್ಪು, ನಿಂಬೆಹಣ್ಣು ಹಿಡಿದೇ ಬಂದ. ಅಂಬರೀಶನನ್ನು ಕೊಳಾಯಿಕಟ್ಟೆಯ ಮೇಲೆ ಕೂರಿಸಿ ಗದರಿಸಿದ.

"ಯಾರು ನೀನು?"

"ಅಂಬರೀಶ."

"ನೋಡಿದ್ರಾ?" ಪಾಪಯ್ಯ ಸುತ್ತ ನಿಂತವರ ಕಡೆ ತಿರುಗಿದ. "ಯಾವ ದೆವ್ವಾನೂ ಮೊದಲ್ನೇ ಸಲಕ್ಕೆ ಸ್ವಂತ ಹೆಸರು ಹೇಳಲ್ಲ. ಹಿಡಿದವರ ಹೆಸರೇ ಹೇಳೋದು."

"ಅಯ್ಯೋ, ನಾನೇ ಪಾಪಯ್ಯ. ಎಂಟನೇ ನಂಬರ್ ಮನೆ."

"ವಿಳಾಸಾನೂ ತಿಳ್ಕೊಂಡಿದೆ," ಅಂದರು ನಲ್ಲಪ್ಪನವರು.

ಬೇವಿನ ಸೊಪ್ಪು ಬೆನ್ನಿನ ಮೇಲೆ ಬಿತ್ತು. ಅಂಬರೀಶ ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದ. ಆ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ಸೈಕಲ್ ಬೆಲ್ಲು ಕೇಳಿಸಿತು. ಸಲಹೆ ಎಷ್ಟು ಕೆಲಸ ಮಾಡಿದೆ ಅಂತ ವಿಚಾರಿಸಿಕೊಳ್ಳೋಕೆ ಚಿನ್ನಪ್ಪ ಬಂದಿದ್ದ. ಕಂಬಳಿ ನೋಡಿದ. ಹಿಟ್ಟು ನೋಡಿದ. ಅವನ ತುಟಿಯ ಒಂದು ತುದಿ ಮೇಲಕ್ಕೆ ಹೋಗತೊಡಗಿತು.

ಅಂಬರೀಶನಿಗೆ ಕಣ್ಣ ಮುಂದೆ ಕಾರ್ಖಾನೆ ಬಂತು. ಯಾವುದೋ ಕಾಲದಲ್ಲಿ ಎಣ್ಣೆಯ ಮೇಲೆ ಕಾಲಿಟ್ಟು ಜಾರಿದವನೊಬ್ಬನಿದ್ದ. ಅವನ ಮಕ್ಕಳು ಶಾಲೆಗೆ ಹೋಗುವಂತಾದರೂ ಅವನನ್ನು ಎಲ್ಲರೂ ಕರೆಯುವುದು ಜಾರುಬಂಡೆ ಅಂತಲೇ. ಟಿ.ವಿ. ದೆವ್ವ ಕಂಡು ಹೆಂಡತಿಯ ಎದುರು ಕಿರುಚಿದವನಿಗೆ ಅಲ್ಲಿ ಎಂಥ ಹೆಸರು ಇಡಬಹುದು? ದೆವ್ವ ಹಿಡಿದವನಿಗೆ ಹಾಗಲ್ಲ. ಅವನನ್ನು ಕಂಡರೆ ಒಂದು ಮರ್ಯಾದೆ ಇರುತ್ತದೆ, ಫೋರ್‌ಮನ್ ಕೂಡ ಜೋರಾಗಿ ಮಾತಾಡಲ್ಲ.

ಅವನು ತಲೆ ತೂಗತೊಡಗಿದ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಚಿನ್ನಪ್ಪನ ತುಟಿ ಕೆಳಗಿಳಿಯಿತು. ಅವನು ಸೈಕಲ್ ಹಿಂದಕ್ಕೆ ತಳ್ಳಿಕೊಂಡು ಬಾದಾಮಿ ಮರದ ಮರೆಗೆ ಹೋದ. ಸಿನಿಮಾ ತೋರಿಸು ಅಂದವನು ತಾನೇ ಅನ್ನುವುದು ಯಾರಿಗೂ ಗೊತ್ತಾಗದಿರಲಿ ಅಂತ ಮುನೇಶ್ವರನಿಗೆ ಹರಕೆ ಹೊತ್ತ.

"ಏನಮ್ಮಾ, ಹೇಗೆ ಬಂತು ಇದು?" ಪಾಪಯ್ಯ ವೇಣಿಯನ್ನು ಕೇಳಿದ.

ವೇಣಿ ಹೊಸಿಲಲ್ಲಿ ನಿಂತಿದ್ದಳು. ಗಂಡ ಕಂಬಳಿಯ ಸಂದಿಯಿಂದ ಕಣ್ಣಲ್ಲೇ ಬೇಡಿಕೊಂಡ. ಅವಳು ಒಂದು ಗಳಿಗೆ ನೋಡಿದಳು. ಕಾಲಲ್ಲೇ ದುಪ್ಪಟಿ ಎಳೆದು ಒಳಗಿದ್ದ ವಿಸಿಪಿಯ ಮೇಲೆ ಹಾಕಿದಳು.

"ಸುಮ್ನೆ ಕೂತಿದ್ರು. ಇದ್ದಕ್ಕಿದ್ದಂಗೆ ಬಂತು."

ಮದುವೆಯಾದ ಮೇಲೆ ಅವಳು ಅವನ ಪರವಾಗಿ ಆಡಿದ ಮೊದಲ ಮಾತು ಅದು. ಅಂಬರೀಶನಿಗೆ ಕಣ್ಣು ತುಂಬಿ ಬಂತು. ದೆವ್ವ ಅಳುತ್ತಿದೆ ಅಂತ ಚನ್ನಬಸಮ್ಮ ಹಿಂದಿದ್ದವರಿಗೆ ತಿಳಿಸಿದಳು.

"ಅತ್ತಿದ್ದು ಸಾಕು! ಏನು ಬೇಕು ನಿನಗೆ? ಬೇಕಾದ್ದು ಹೇಳು, ಇಸ್ಕೊಂಡು ಹೊರಡು. ಕೋಳೀನಾ? ಸೀರೇನಾ?" ಅಂದ ಪಾಪಯ್ಯ.

ಮದುವೆ ಗೊತ್ತಾದ ದಿನದಿಂದ ಅಂಬರೀಶನಿಗೆ ಏನು ಬೇಕು ಅಂತ ಯಾರೂ ಕೇಳಿರಲಿಲ್ಲ. ಈಗ ವಠಾರವೆಲ್ಲ ಕೈಕಟ್ಟಿ ನಿಂತು ಕೇಳುತ್ತಿತ್ತು. ಇಂಥಾ ಗಳಿಗೆ ಮತ್ತೆ ಬರುತ್ತದೆಯೇ? ಅವನು ದನಿ ಸಣ್ಣ ಮಾಡಿಕೊಂಡು ಎಳೆದು ಹೇಳಿದ.

"ನಂಗೇ… ವೇಣಿ ಬೇಕು. ವೇಣಿ ಆಷಾಢಕ್ಕೆ ತವರಿಗೆ ಹೋಗಬಾರ್ದು. ಇಲ್ಲೇ ಇರ್ಬೇಕು. ಈಶ್ವರಮ್ಮ ನೆಲಮಂಗಲಕ್ಕೆ ಹೋಗ್ಲಿ. ಇಷ್ಟಾದ್ರೆ ನಾನು ಹೋಗ್ತೀನಿ."

ಕೆಲಸವಾಯಿತು ಅಂದುಕೊಂಡ ಅಂಬರೀಶ. ಆಗಲೇ ಗೇಟಿನ ಹತ್ತಿರ ಏನೋ ದೊಪ್ಪನೆ ಬಿತ್ತು. ನೆಲಮಂಗಲದಿಂದ ಬಂದ ಈಶ್ವರಮ್ಮ ಕೈಚೀಲ ಬಿಟ್ಟು ನಿಂತಿದ್ದಳು.

"ಅಯ್ಯೋ ನಮ್ಮಪ್ಪನೇ! ಅದಕ್ಕೆಂಗೆ ಗೊತ್ತಾಯ್ತು?"

"ಏನು ಗೊತ್ತಾಯ್ತು ಈಶ್ವರಮ್ಮಾ?" ಕೇಳಿದ ಪಾಪಯ್ಯ.

"ನಿನ್ನೆ ಸೊಸೆ ಕಾಲ್ಗೆ ಬಿದ್ದು ಕೇಳಿದ್ಳು. ಅತ್ತೆ, ನಾನು ಇಲ್ಲೇ ಇರ್ತೀನಿ, ಇವರನ್ನ ಬಿಟ್ಟು ಓಗಕ್ಕೆ ಮನಸ್ಸಿಲ್ಲ ಅಂತ. ಆಯ್ತು, ನಾನೇ ನೆಲಮಂಗಲಕ್ಕೆ ಓಗ್ತೀನಿ ಅಂತ ಒಪ್ಕೊಂಡೆ. ಮಗಳನ್ನ ಕೇಳ್ಕೊಂಡು ಬರಕ್ಕೇ ಇವತ್ತು ಓಗಿದ್ದು. ಇದು ನಮ್ಮಿಬ್ರಿಗೆ ಬಿಟ್ರೆ ನನ್ನ ಮಗಂಗೂ ಗೊತ್ತಿಲ್ಲ ಕಣಪ್ಪೋ!"

ಅಂಬರೀಶನ ತಲೆ ತೂಗುವುದು ತಾನಾಗಿಯೇ ನಿಂತಿತು. "ಅವ್ವಾ," ಅಂದ, ತನ್ನದೇ ದನಿಯಲ್ಲಿ. "ಅವ್ವಾ, ನಾನು ಕಣೇ. ಏನೂ ಹಿಡಿದಿಲ್ಲ ನಂಗೆ."

"ನೋಡಿ, ಆಗ್ಲೇ ದನಿ ಬದಲಾಯಿಸ್ತು," ಅಂದ ಪಾಪಯ್ಯ. ಅವನೂ ಎರಡು ಹೆಜ್ಜೆ ಹಿಂದೆ ಸರಿದಿದ್ದ. ದೆವ್ವ ಬಿಡಿಸಿದ್ದು ಬೇಕಾದಷ್ಟಿತ್ತು, ನಿಜವಾದದ್ದು ಸಿಕ್ಕಿದ್ದು ಇದೇ ಮೊದಲು. "ಇದು ಮನೆಯೊಳಗಿನ ಗುಟ್ಟು ತಿಳಿದಿರೋದು. ಹೊಸ ಮದುಮಗಳ ಮೇಲೆ ಕಣ್ಣಿಟ್ಟಿದೆ, ಕಾಯೋ ಅತ್ತೇನ ಆಚೆ ಕಳಿಸೋಕೆ ನೋಡ್ತಿದೆ. ಹೊತ್ತು ಮುಳುಗೋದ್ರೊಳಗೆ ಈ ಹೆಣ್ಮಗಳು ಇಲ್ಲಿರಬಾರ್ದು. ಆಷಾಢ, ಶ್ರಾವಣ ಎರಡೂ ಕಳೀಲಿ."

ನಲ್ಲಪ್ಪನವರ ಮನೆಯಲ್ಲಿ ಫೋನಿತ್ತು. ಹೂಡಿಯಲ್ಲಿ ವೇಣಿಯ ಸೋದರಮಾವ ನರಸಪ್ಪನಿಗೆ ಸುದ್ದಿ ಹೋಯಿತು. ಆತ ಏನೋ ವ್ಯಾಪಾರ ಮಾಡುತ್ತಾನೆ ಅಂತ ಮದುವೆಯಲ್ಲಿ ಹೇಳಿದ್ದರು. ಏನು ವ್ಯಾಪಾರ ಅಂತ ಗಂಡಿನ ಕಡೆಯವರು ಕೇಳಿರಲಿಲ್ಲ.

ಮೋಡ ಸರಿದು ಸಂಜೆ ಬಿಸಿಲು ಹಳದಿಯಾಗುವ ಹೊತ್ತಿಗೆ ಮೈಕು ಕಟ್ಟಿದ ಮೆಟಡಾರ್ ವ್ಯಾನೊಂದು ವಠಾರದ ಮುಂದೆ ಬಂದು ನಿಂತಿತು. ಅದರ ಮೈಮೇಲೆ ಆಳೆತ್ತರದ ಚಿತ್ರ. ಹಾಳು ಬಂಗಲೆ, ಬಾವಿ, ಬಾವಿಯೊಳಕ್ಕೆ ಇಳಿದ ಕೂದಲು. ಮೇಲೆ ಕೆಂಪಕ್ಷರದಲ್ಲಿ ನರಸಪ್ಪನ ಟೂರಿಂಗ್ ಟೆಂಟ್ ಸಿನಿಮಾದ ಹೆಸರು, ಕೆಳಗೆ 'ದಿನಾ ಎರಡು ಆಟ'.

ಹಣೆಗೆ ಭಂಡಾರ, ಕೈಯಲ್ಲಿ ನಿಂಬೆಹಣ್ಣು ಹಿಡಿದು ಕೂತಿದ್ದ ಅಂಬರೀಶ ತಲೆಯೆತ್ತಿದ. ಚಿತ್ರ ನೋಡಿದ. ಮತ್ತೆ ಕಿರುಚಿದ.

"ಇನ್ನೂ ಒಳಗೇ ಐತಿ," ಅಂದಳು ಚನ್ನಬಸಮ್ಮ. ಪಾಪಯ್ಯ ಬೇವಿನ ಸೊಪ್ಪು ಎತ್ತಿಕೊಂಡ.

ವೇಣಿ ಟ್ರಂಕು ವ್ಯಾನಿಗಿಟ್ಟು, ಯಾರೂ ನೋಡದಾಗ ಗಂಡನ ಹತ್ತಿರ ಬಗ್ಗಿದಳು.

"ಬೇಡ ಅಂದೆ ಅಲ್ವಾ ರೀ? ಹೆದರಿಕೆಗಲ್ಲ. ಮಾವನ ಟೆಂಟ್ನಲ್ಲಿ ಟಿಕೆಟ್ ಹರೀತಿದ್ದೋಳು ನಾನು. ಅದೇ ಬಾವಿ ನೋಡಿ ನೋಡಿ ಸಾಕಾಗಿತ್ತು. ಈಗ ಆಷಾಢ, ಶ್ರಾವಣ ಎರಡೂ ಪೂರ್ತಿ ಅದನ್ನೇ ನೋಡ್ಬೇಕು."

ಅವಳು ಕೈ ಮುಂದೆ ಮಾಡಿದಳು. ಇಷ್ಟು ದಿನ ಅವನು ಕಾದಿದ್ದ ಕೈ ಅದು. ಅಂಬರೀಶ ನಿಂಬೆಹಣ್ಣು ಎಲ್ಲಿಡಲಿ ಅಂತ ಅತ್ತಿತ್ತ ನೋಡಿದ.

"ಮುಟ್ಬೇಡಮ್ಮೋ!" ನಲ್ಲಪ್ಪನವರು ಕೂಗಿದರು.

ವ್ಯಾನು ಹೊರಟಿತು. ಬಾವಿ, ಕೂದಲು ಎಲ್ಲ ತುಮಕೂರು ರಸ್ತೆಯ ತಿರುವಿನಲ್ಲಿ ಮರೆಯಾದವು.

ಆ ರಾತ್ರಿ ಈಶ್ವರಮ್ಮ ನಲ್ಲಪ್ಪನವರ ಮನೆಯಲ್ಲಿ ಮಲಗಿದಳು. ಮಗನನ್ನು ಹಿಡಿದ ದೆವ್ವ ಅವಳಿಗೆ ನೆಲಮಂಗಲಕ್ಕೆ ಹೋಗು ಅಂದಿತ್ತು. ಹೋಗಿಬಿಡುವುದೇ ಕ್ಷೇಮ ಅಂತ ಅವಳಿಗೆ ಅನಿಸಿತು. ಅಂಬರೀಶ ಚಪ್ಪಲಿಗಳ ಹತ್ತಿರದಿಂದ ಚಾಪೆಯನ್ನು ಕೋಣೆಯ ನಡುವಿಗೆ ಎಳೆದುಕೊಂಡು, ಲೈಟು ಆರಿಸದೆ ಮಲಗಿದ.

ವೇಣಿ ಹೋದದ್ದು ಗುರುವಾರ. ಈಶ್ವರಮ್ಮ ಹೋದದ್ದು ಶುಕ್ರವಾರ, ಬೆಳಗಿನ ಮೊದಲ ಬಸ್ಸಿಗೆ.