ಆರೋಗ್ಯಕ್ಕೊಂದು ಪುರಾವೆ

ಮಗಳಿಗೆ ಯಾವ ಕಾಯಿಲೆಯೂ ಇಲ್ಲದಿದ್ದದ್ದೇ ಸೈಕಲ್ ರಿಪೇರಿಯವನ ಆ ದಿನದ ಫಜೀತಿಗೆಲ್ಲ ಮೂಲ.

ಸಂಶೋಧನೆಯವರು ಬಂದು ಅವಳ ಶಾಲೆಯಲ್ಲಿ ಆರೋಗ್ಯವಂತರಾದ ನಲವತ್ತು ಮಕ್ಕಳನ್ನು ಆರಿಸಿದ್ದರು. ನಾವು ಉಸಿರಾಡುವ ಆಮ್ಲಜನಕವೇ ಮೈಯೊಳಗಿನ ಜೀವಕೋಶಗಳನ್ನು ಒಂದಿಷ್ಟು ಹಾಳು ಮಾಡುತ್ತದಂತೆ. ಅದನ್ನು ತಡೆಯಲು ಆಂಟಿ ಆಕ್ಸಿಡೆಂಟ್ ಎಂಬ ಕಾವಲುಗಾರರು ರಕ್ತದಲ್ಲಿರುತ್ತಾರಂತೆ. ಹದಿಹರೆಯದವರಲ್ಲಿ ಅವರೆಷ್ಟಿದ್ದಾರೆಂದು ಲೆಕ್ಕ ಹಾಕಬೇಕಂತೆ. ಸೈಕಲ್ಲಿನವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ತುಕ್ಕು ಹಿಡಿಯೋದು, ಅಷ್ಟೇ ತಾನೆ? ಇಪ್ಪತ್ತು ವರ್ಷದಿಂದ ಅದನ್ನೇ ಉಜ್ಜುತ್ತಾ ಇದ್ದೀನಿ" ಎಂದಿದ್ದ. ರಕ್ತ ಕೊಟ್ಟ ಮಕ್ಕಳಿಗೆ ರಜೆಯಲ್ಲಿ ಒಂದು ವಾರ ಪ್ರಯೋಗಾಲಯದ ಕೆಲಸ ಕಲಿಸುತ್ತಾರೆಂದು ತಿಳಿದು ಮಗಳು ಕುಣಿದಾಡಿಬಿಟ್ಟಿದ್ದಳು. ಹದಿನೈದು ವರ್ಷದಲ್ಲಿ ಆಟಕ್ಕಾಗಲಿ ಹಾಡಿಗಾಗಲಿ ಯಾರೂ ಅವಳನ್ನು ಆರಿಸಿದವರಲ್ಲ.

ಖಾಲಿ ಹೊಟ್ಟೆಯಲ್ಲಿ ಮಧ್ಯಾಹ್ನ ಹನ್ನೆರಡರೊಳಗೆ ಹೋಗಬೇಕಿತ್ತು. ಅಪ್ಪ ಮಗಳು ಮೆಟ್ಟಿಲಿಳಿಯುವಷ್ಟರಲ್ಲಿ ಬಾಡಿಗೆ ಮನೆಯ ಒಡತಿ ಅಡ್ಡ ನಿಂತರು.

"ಕಾಯಿಲೆ ಇಲ್ಲದ ಮಗೂಗೆ ಯಾರಾದ್ರೂ ಸೂಜಿ ಚುಚ್ತಾರೇನಪ್ಪಾ? ಏನೋ ಇದೆ. ನಿನ್ನ ಹತ್ರ ಮುಚ್ಚಿಡ್ತಿದ್ದಾರೆ."

"ಏನೂ ಇಲ್ಲ ಅಂತಲೇ ಕರೆದಿರೋದು ಅಮ್ಮಾ!"

"ಕಣ್ಣು ನೋಡು, ಎಷ್ಟು ಒಳಗೆ ಹೋಗಿವೆ."

"ರಾತ್ರಿಯಿಂದ ಏನೂ ತಿಂದಿಲ್ಲ ಅಜ್ಜಿ" ಎಂದಳು ಮಗಳು.

"ನೋಡಿದ್ಯಾ? ಊಟಾನೂ ಸೇರ್ತಿಲ್ಲ!"

ರಕ್ತ ಕೊಡಲು ಅಪ್ಪ ಸಹಿ ಹಾಕಿದ ಒಪ್ಪಿಗೆ ಪತ್ರಕ್ಕೆ ಶಾಲೆಯ ಮೊಹರು ಬೇಕಿತ್ತು; ಮೊದಲು ಅಲ್ಲಿಗೇ ಹೋದರು. ಗುಮಾಸ್ತರು ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಆರೋಗ್ಯವಂತಳು ಅಂತ ಬರೆದಿದೆ. ಪುರಾವೆ?"

"ಎದುರಿಗೇ ನಿಂತಿದ್ದಾಳಲ್ಲ ಸಾರ್."

"ನಿಂತೋರೆಲ್ಲ ಆರೋಗ್ಯವಂತರಾದ್ರೆ ಡಾಕ್ಟರುಗಳು ಯಾಕ್ರೀ ಬೇಕು? ಸರ್ಟಿಫಿಕೇಟ್ ತನ್ನಿ."

"ಉಳಿದ ಮೂವತ್ತೊಂಬತ್ತು ಮಕ್ಕಳನ್ನ ಕೇಳಲಿಲ್ವಲ್ಲ!"

"ಆಗ ನಾನು ರಜದಲ್ಲಿದ್ದೆ."

ಸೈಕಲ್ಲಿನವನಿಗೆ ಮೈಯೆಲ್ಲ ಉರಿದುಹೋಯಿತು. ಕಳ್ಳತನವನ್ನಾದರೆ ಪೊಲೀಸರು ಸಾಬೀತು ಮಾಡಬೇಕು. ಆರೋಗ್ಯವನ್ನು ಮಾತ್ರ ಆರೋಗ್ಯವಂತನೇ ಸಾಬೀತು ಮಾಡಬೇಕೇ? ಇದು ಯಾವ ನ್ಯಾಯ? ಆದರೆ ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಹಲ್ಲು ಕಚ್ಚಿಕೊಂಡು ಮಗಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ದವಾಖಾನೆಗೆ ಪೆಡಲ್ ತುಳಿದ.

ಕೆಮ್ಮುವವರು, ಕುಂಟುವವರು, ನರಳುವವರ ನಡುವೆ ಒಂದೂವರೆ ಗಂಟೆ ಕಾದ ಮೇಲೆ ಇವರ ಸರದಿ ಬಂತು.

"ಏನು ತೊಂದರೆ?" ಎಂದರು ಡಾಕ್ಟರು.

"ಏನೂ ಇಲ್ಲ ಸಾರ್."

"ಎಷ್ಟು ದಿನದಿಂದ?"

"ಹದಿನೈದು ವರ್ಷದಿಂದ."

ಡಾಕ್ಟರು ಅವಳ ನಾಲಿಗೆ ನೋಡಿದರು, ಎದೆ ಬಡಿತ ಕೇಳಿದರು, ಬೆನ್ನಿನ ಮೇಲೆ ತಟ್ಟಿದರು. ಕಡೆಗೆ ನಿರಾಸೆಯಿಂದ, "ನಿಜ, ಏನೂ ಇಲ್ಲ. ಆದರೆ ನಮ್ಮಲ್ಲಿರೋದು ಒಂದೇ ಥರದ ಫಾರಂ ಕಣ್ರೀ" ಎಂದರು. 'ಇವರು ... ದಿಂದ ಬಳಲುತ್ತಿದ್ದಾರೆ' ಎಂದು ಅದರಲ್ಲಿ ಮೊದಲೇ ಅಚ್ಚಾಗಿತ್ತು. ಖಾಲಿ ಜಾಗದಲ್ಲಿ ಅವರು 'ಆರೋಗ್ಯ' ಎಂದು ತುಂಬಿ ಸಹಿ ಹಾಕಿ ಕೈಗಿತ್ತರು. ಮಗಳು ಆರೋಗ್ಯದಿಂದ ಬಳಲುತ್ತಿದ್ದಾಳೆ ಎಂದು ಅಧಿಕೃತವಾಗಿ ದಾಖಲಾಯಿತು.

ಗುಮಾಸ್ತರು ಅದನ್ನು ಓದುವ ಗೋಜಿಗೇ ಹೋಗಲಿಲ್ಲ. ಡಾಕ್ಟರ ಸಹಿ ಕಂಡ ಕೂಡಲೇ ಒಪ್ಪಿಗೆ ಪತ್ರಕ್ಕೆ ಮೊಹರು ಗುದ್ದಿದರು.

ಹನ್ನೆರಡಕ್ಕೆ ಇನ್ನೂ ಎಂಟು ನಿಮಿಷವಿರುವಾಗ ಅಪ್ಪ ಮಗಳು ಪ್ರಯೋಗಾಲಯದೊಳಗೆ ನುಗ್ಗಿದರು. ಬಿಳಿ ಕೋಟಿನ ಮೇಡಂ ಮಗಳ ತೋಳಿಗೆ ಪಟ್ಟಿ ಬಿಗಿದು, ಹತ್ತಿಯಿಂದ ಒರೆಸಿ, ಪ್ರಶ್ನೆಗಳನ್ನು ಶುರು ಮಾಡಿದರು. ವಿಟಮಿನ್ ಮಾತ್ರೆ ತಗೋತೀಯಾ? ಇಲ್ಲ. ಜ್ವರ ಬಂದಿತ್ತಾ? ಇಲ್ಲ. ಮಗಳ ಕಣ್ಣೆಲ್ಲ ಗಾಜಿನಾಚೆಯ ಯಂತ್ರಗಳ ಮೇಲಿತ್ತು.

"ಈ ಒಂದು ತಿಂಗಳಲ್ಲಿ ಡಾಕ್ಟರ ಹತ್ರ ಹೋಗಿದ್ಯಾ?"

"ಓಹೋ, ಇವತ್ತೇ ಹೋಗಿಬಂದ್ವಿ ಮೇಡಂ!" ಎಂದು ಸೈಕಲ್ಲಿನವನು ಸರ್ಟಿಫಿಕೇಟನ್ನು ಜಂಬದಿಂದ ಮೇಜಿನ ಮೇಲಿಟ್ಟ.

ಮೇಡಂ ಮಗಳ ತೋಳಿನ ಪಟ್ಟಿ ಬಿಚ್ಚಿದರು. "ಹಾಗಾದ್ರೆ ಆಗಲ್ಲ. ತಿಂಗಳೊಳಗೆ ಡಾಕ್ಟರಿಗೆ ತೋರಿಸಿದವರನ್ನ ಆರೋಗ್ಯವಂತರ ಪಟ್ಟಿಗೆ ಸೇರಿಸೋ ಹಾಗಿಲ್ಲ. ಇದರಲ್ಲಿ ಬಳಲುತ್ತಿದ್ದಾಳೆ ಅಂತ ಬೇರೆ ಬರೆದಿದೆ."

ಮಗಳು ತೋಳು ಕೆಳಗಿಳಿಸಿದಳು. ಅವಳ ಕಣ್ಣು ತುಂಬಿದ್ದನ್ನು ಕಂಡದ್ದೇ, ಅಪ್ಪ ಬೆಳಗಿನಿಂದ ತಡೆದಿಟ್ಟಿದ್ದ ಸಿಟ್ಟೆಲ್ಲ ಒಮ್ಮೆಲೇ ಹೊರಬಿತ್ತು.

"ಆರೋಗ್ಯವಾಗಿದ್ದಾಳೆ ಅಂತ ಬರೆಸಿಕೊಂಡು ಬರೋಕೇ ಅಲ್ವೇನ್ರೀ ಡಾಕ್ಟರ ಹತ್ರ ಹೋಗಿದ್ದು! ಇದೇನು ಸಂಶೋಧನೆನೋ, ಹುಡುಗಾಟಾನೋ?" ಎಂದು ಕಿಟಕಿ ಗಾಜು ಅದುರುವ ಹಾಗೆ ಕೂಗಾಡಿದ. ಮುಖ ಕೆಂಪಡರಿತು, ಹಣೆಯ ನರ ಉಬ್ಬಿತು.

ಮೇಡಂ ಅವನನ್ನೇ ಬಹಳ ಆಸಕ್ತಿಯಿಂದ ನೋಡಿದರು. ಇನ್ನೊಂದು ಫೈಲು ತೆಗೆದರು.

"ನಲವತ್ತು ವರ್ಷ ದಾಟಿದ ಕಾಯಿಲೆಯವರ ಪಟ್ಟೀಲಿ ಒಬ್ರು ಕಡಿಮೆ ಇದ್ದಾರೆ. ಕೂತ್ಕೊಳ್ಳಿ, ಬಿ.ಪಿ. ನೋಡ್ತೀನಿ."

"ಕೂತ್ಕೋ ಅಪ್ಪಾ" ಎಂದು ಮಗಳು ಗಾಬರಿಯಿಂದ ಭುಜ ಹಿಡಿದು ಕೂರಿಸಿದಳು. ಬಿ.ಪಿ. ನೂರ ಎಂಬತ್ತು ದಾಟಿತ್ತು.

"ಸರ್ಟಿಫಿಕೇಟ್ ಬೇಡ್ವಾ?" ಎಂದ ಅವನು ಏದುಸಿರು ಬಿಡುತ್ತಾ.

"ಇದಕ್ಕೆ ಸರ್ಟಿಫಿಕೇಟ್ ಯಾಕೆ? ನೋಡಿದ್ರೇ ಗೊತ್ತಾಗುತ್ತೆ."

"ಹಾಗಾದ್ರೆ ಆ ಒಂದು ವಾರ ಕಲಿಸೋದು... ನನ್ನ ಬದಲು ಮಗಳಿಗೆ?"

"ಅದು ಆರೋಗ್ಯವಂತರಿಗೆ ಮಾತ್ರ. ಬೆಳಗಿನಿಂದ ಏನಾದ್ರೂ ತಿಂದಿದ್ದೀರಾ?"

"ತಿನ್ನೋಕೆ ಪುರುಸೊತ್ತೆಲ್ಲಿತ್ತು?"

"ತುಂಬಾ ಒಳ್ಳೇದು. ಕೈ ಚಾಚಿ" ಎಂದು ಮೇಡಂ ಸೂಜಿ ತೆಗೆದರು.